ಊರಿಗೆಲ್ಲ ಕಲಿಸಿದವರು

ಮಾರ್ಚ್ 18

ಪಾರ್ಟ್‌ನರ್ ಅವರಿಗೆ,

ನಿಮ್ಮ ಕಾರ್ಡು ಬಂತು. ಒಳಗೆ ಸಹಿ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವಳು ನಾನು. ಈ ಒಂದು ತಿಂಗಳಲ್ಲಿ ಬಂದ ಸಂತಾಪದ ಕಾಗದಗಳಲ್ಲಿ ತಪ್ಪಿಲ್ಲದ್ದು ನಿಮ್ಮದೊಂದೇ. ಮಿಕ್ಕವರೆಲ್ಲ ಇವರನ್ನು 'ಸ್ವರ್ಗಸ್ತ' ಮಾಡಿದ್ದಾರೆ. ಸ್ವರ್ಗಕ್ಕೆ ಕಳಿಸುವಾಗಲಾದರೂ ಮಹಾಪ್ರಾಣ ಬೇಡವೇ? ಕೂತು ಎಲ್ಲವನ್ನೂ ಪೆನ್ಸಿಲಿನಲ್ಲಿ ತಿದ್ದಿಟ್ಟೆ. ಬೇರೆ ಕೆಲಸವೂ ಇರಲಿಲ್ಲ.

ಎರಡು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಕಾರ್ಡಿನ ಹಿಂದೆ ವಿಳಾಸವಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಇವರ ಹಳೆಯ ಶಿಷ್ಯರೆಲ್ಲ ಸೇರಿ ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ಸಭೆಯಂತೆ. ಬೇಕರಿಯವರು ಸಮಿತಿಯ ಅಧ್ಯಕ್ಷರು. ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲಿ, ಪ್ರೂಫ್ ನೋಡುವುದು ನಾನು. ಗಂಡನನ್ನು ಅಲ್ಪವಿರಾಮ, ಪೂರ್ಣವಿರಾಮದ ಸಮೇತ ಓದುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು ಹೇಳಿ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಗ್ಗೆ ಒಂದು ಪುಸ್ತಕವೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು. ಗಡಿಯಾರ ರಿಪೇರಿಯವರಿಗೆ ಒಂದು ಕಾಲಿಲ್ಲ, ಅವರಿಗೆ ಕಾರಿಗೆ ಸೈಕಲ್ಲಿನ ಬ್ರೇಕ್ ಹಿಡಿ ಜೋಡಿಸಿ ಕೈಯಲ್ಲೇ ಓಡಿಸಲು ಕಲಿಸಿದ್ದು ಬಂದಿದೆ. ನೆರೆ ಬಂದ ದಿನ 'ಎಲ್' ಬೋರ್ಡಿನ ಕಾರಿನಲ್ಲೇ ಸೇತುವೆ ದಾಟಿ, ಆಚೆ ದಡದ ತುಂಬು ಬಸುರಿಯನ್ನು ಕರೆತಂದದ್ದೂ ಬಂದಿದೆ. ಐವತ್ತನೇ ವಯಸ್ಸಿನಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ್ದನ್ನು ನಾಲ್ಕು ಜನ ಬರೆದಿದ್ದಾರೆ, ನಾಲ್ಕರಲ್ಲೂ ಎತ್ತರ ಬೇರೆ ಬೇರೆ. ಆವತ್ತು ಸಂಜೆ ಇವರು ನನಗೆ ಹೇಳಿದ್ದು ಇಷ್ಟೇ: "ಮಧ್ಯಾಹ್ನ ಸ್ವಲ್ಪ ಮೇಲೆ ಹೋಗಿದ್ದೆ ಕಣೆ."

ಶುರುವಿನ ದಿನಗಳು ಮಾತ್ರ ಯಾರಿಗೂ ಗೊತ್ತಿಲ್ಲ. ಒಂದೇ ಹಳೆಯ ಕಾರಿಟ್ಟುಕೊಂಡು ಸ್ಕೂಲು ಶುರು ಮಾಡಿದವರು ನೀವಿಬ್ಬರು. ಹದಿನೆಂಟು ವರ್ಷ ಜೊತೆಗಿದ್ದು, ಹನ್ನೊಂದು ವರ್ಷದ ಹಿಂದೆ ನೀವು ಊರು ಬಿಟ್ಟಿರಿ. ಆ ದಿನಗಳ ಬಗ್ಗೆ ಒಂದೆರಡು ಪುಟ ಬರೆದು ಕಳಿಸಿ.

ಮೂವತ್ತೆರಡನೇ ಪುಟ ನನ್ನದಂತೆ. 'ಮನೆಯವರ ಮಾತು' ಎಂದು ತಲೆಬರಹ ಹಾಕಿಟ್ಟಿದ್ದಾರೆ. ಕೆಳಗೆ ಖಾಲಿ. ದಿನವೂ ಅದರ ಮುಂದೆ ಕೂತು ಏಳುತ್ತೇನೆ. ಅದನ್ನು ತುಂಬಿಸುವ ಮೊದಲು ನಿಮ್ಮನ್ನು ಒಂದು ಮಾತು ಕೇಳುವುದಿದೆ. ಈಗ ಬೇಡ.

ಇತಿ,
ಅತ್ತಿಗೆ


ಏಪ್ರಿಲ್ 6

ಅತ್ತಿಗೆಯವರಿಗೆ ನಮಸ್ಕಾರ.

ನನಗೆ ಬರೆಯಲು ಬರುವುದಿಲ್ಲ. ನೀವು ತಿದ್ದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಮೊದಲನೆಯ ಶಿಷ್ಯ ದಿನಸಿ ಅಂಗಡಿಯವರು. ಮೂರನೇ ದಿನ ಪಕ್ಕದ ಸೀಟಿನಿಂದ ನಿಮ್ಮ ಯಜಮಾನ "ಬ್ರೇಕ್, ಬ್ರೇಕ್" ಎಂದು ಕೂಗಿದ. ಅವರು ಗಾಬರಿಯಾಗಿ ಆಕ್ಸಿಲರೇಟರ್ ಒತ್ತಿ ಸಿಮೆಂಟ್ ಮೂಟೆಗಳ ಮೇಲೆ ಹತ್ತಿಸಿದರು. ಮುಖ ಬೂದಿಯಾಗಿ ಇಬ್ಬರೂ ಇಳಿದರು. ಅವನಿಗೆ ಬೇಜಾರಿಲ್ಲ, ನಗು. ಆಮೇಲೆ ಯೋಚಿಸಿ ನನಗೆ ಹೇಳಿದ, "ಬ್ರೇಕ್ ಅಂದ್ರೆ ಜನಕ್ಕೆ ಹೆದರಿಕೆ ಕಣೋ. ಊಟಕ್ಕೆ ಕೂತಾಗ ಎಲ್ಲರೂ ಒಂದು ಮಾತಿಗೆ ನಿಲ್ಲಿಸ್ತಾರೆ. ಆ ಮಾತು ಇಟ್ಕೊಳ್ಳೋಣ." ಅವತ್ತಿನಿಂದ ನಮ್ಮ ಗಾಡಿಯಲ್ಲಿ ಬ್ರೇಕ್ ಎನ್ನುವ ಪದವಿಲ್ಲ. ಮೆಲ್ಲಗೆ "ಸಾಕು" ಅನ್ನುವುದು, ಕಾಲು ಒತ್ತುವುದು. ನಾವಿಬ್ಬರೂ ಅದನ್ನೇ ಕಲಿತೆವು, ಸಾವಿರಾರು ಜನಕ್ಕೆ ಕಲಿಸಿದೆವು.

ನಿಮ್ಮ ಮದುವೆಗೆ ಮುಂಚೆ ನಾವಿಬ್ಬರು ಒಂದು ಬೈಕಿನಲ್ಲಿ ನಲವತ್ತು ದಿನ ತಿರುಗಿದ್ದೆವು. "ಈ ರಸ್ತೆ ಎಲ್ಲಿ ಮುಗಿಯುತ್ತೆ ನೋಡ್ಕೊಂಡ್ ಬರೋಣ" ಎಂದು ಹೊರಟವನು. ಒಂದು ಕಡೆ ರಸ್ತೆ ಮುಗಿದು ಬರೀ ಮರಳು. ನನಗೆ ವಾಪಸ್ ಹೋಗೋಣ ಎನಿಸಿತು. ಅವನು ಇಳಿದು, ಮರಳಿನ ಮೇಲೆ ಇನ್ನೂ ಒಂದು ಮೈಲಿ ನಡೆದುಹೋದ. ನಾನು ಬೈಕಿನ ನೆರಳಲ್ಲಿ ಕೂತಿದ್ದೆ. ಮದುವೆಯಾದ ಮೇಲೆ ಅವನ ಸಾಹಸವೆಲ್ಲ ಬೆಳಿಗ್ಗೆ ಶುರುವಾಗಿ ಸಂಜೆ ಐದೂವರೆಯೊಳಗೆ ಮುಗಿಯುತ್ತಿತ್ತು. ನಿಮಗೇ ಗೊತ್ತಲ್ಲ.

ಇಷ್ಟು ಸಾಕಾಗುತ್ತದೆ ಎಂದುಕೊಳ್ಳುತ್ತೇನೆ. ನಾನು ಇಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಮೊಣಕಾಲು ನೋವು. ಒಬ್ಬನೇ ಇದ್ದೇನೆ, ಆರಾಮ.

ಇತಿ,
ಪಾರ್ಟ್‌ನರ್


ಏಪ್ರಿಲ್ 14

ಪಾರ್ಟ್‌ನರ್ ಅವರಿಗೆ,

ಏಳು ಕಾಗುಣಿತ ತಪ್ಪು. ಆದರೂ ಪುಸ್ತಕದಲ್ಲಿ ಚೆನ್ನಾಗಿರುವುದು ನಿಮ್ಮ ಎರಡು ಪುಟವೇ. ಸಿಮೆಂಟಿನ ಕಥೆ ಓದಿ ಪ್ರೆಸ್ಸಿನಲ್ಲಿ ಒಬ್ಬಳೇ ನಕ್ಕೆ, ಬೈಂಡಿಂಗಿನವರು ತಿರುಗಿ ನೋಡಿದರು.

ಆ 'ಸಾಕು' ಎಂಬ ಪದ ನನ್ನ ಅಡುಗೆಮನೆಯವರೆಗೂ ಬಂದದ್ದು ನಿಮಗೆ ನೆನಪಿದೆಯೇ? ಇವರ ಶಿಷ್ಯರು ನಮ್ಮಲ್ಲಿ ಊಟಕ್ಕೆ ಕೂತಾಗ ನಾನು ಅನ್ನ ಬಡಿಸುತ್ತೇನೆ, ಒಬ್ಬರು "ಸಾಕು" ಎನ್ನುತ್ತಾರೆ, ಮೇಜಿನ ಕೆಳಗೆ ನಾಲ್ಕು ಬಲಗಾಲು ಟಪ್ ಎಂದು ನೆಲಕ್ಕೆ ಬೀಳುತ್ತವೆ. ಇವರು ಗಂಭೀರವಾಗಿ "ಪಾಸು" ಎನ್ನುತ್ತಿದ್ದರು.

ಐದೂವರೆಯ ವಿಷಯ ನೀವೇ ತೆಗೆದಿರಿ. ಪ್ರೆಸ್ಸು ಮುಚ್ಚುವ ಹೊತ್ತು ಅದು. ಇಪ್ಪತ್ತೇಳು ವರ್ಷ, ಒಂದು ದಿನವೂ ತಪ್ಪದೆ ಗೇಟಿನ ಮುಂದೆ ಎರಡು ಸಣ್ಣ ಹಾರ್ನ್ ಕೇಳುತ್ತಿತ್ತು. ನೆರೆ ಬಂದ ದಿನವೂ ಬಂದರು, ಮೊಣಕಾಲಿನವರೆಗೆ ಕೆಸರು. ಪ್ಯಾರಾಚೂಟಿನ ದಿನ ಕುಂಟುತ್ತಾ ಬಂದರು. ಪ್ರೆಸ್ಸಿನ ಹೆಂಗಸರೆಲ್ಲ, "ನಿಮ್ಮಂಥ ಗಂಡ ಏಳು ಜನ್ಮಕ್ಕೂ ಸಿಗಲ್ಲ ಕಣ್ರೀ" ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನಡೆದು ಹೋಗುತ್ತೇನೆ, ನಲವತ್ತು ನಿಮಿಷ. ಮನೆಯಲ್ಲಿ ಬೀಗ ತೆಗೆದು ದೀಪ ಹಾಕಿದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತದೆ. ಮಗಳು ಭಾನುವಾರ ಫೋನ್ ಮಾಡುತ್ತಾಳೆ. ಮಿಕ್ಕ ಆರು ದಿನ ಮನೆಯಲ್ಲಿ ನಾನು ಬಾಯಿ ತೆರೆಯುವುದು ಉಣ್ಣುವುದಕ್ಕೆ ಮಾತ್ರ.

ಇನ್ನು ಕೇಳಬೇಕಾದ್ದನ್ನು ಕೇಳುತ್ತೇನೆ. ಊರಿಗೆಲ್ಲ ಕಾರು ಕಲಿಸಿದವರು ನನಗೆ ಯಾಕೆ ಕಲಿಸಲಿಲ್ಲ? ಮದುವೆಯಾದ ಹೊಸದರಲ್ಲಿ ಕೇಳಿದೆ, "ನಾನಿಲ್ವಾ, ನಿನಗ್ಯಾಕೆ?" ಎಂದರು. ಆಮೇಲೆ ಕೇಳಿದಾಗಲೆಲ್ಲ ನಗಿಸಿ ಮಾತು ಮರೆಸಿದರು. ಮಗಳಿಗೆ ಹದಿನೆಂಟು ತುಂಬಿದ ವಾರವೇ ಕೂರಿಸಿ ಹನ್ನೊಂದು ದಿನದಲ್ಲಿ ಕಲಿಸಿದರು. ನಾನು ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದೆ.

ನಿಮ್ಮನ್ನೂ ಕೇಳಿದ್ದೆ. ಸ್ಕೂಲಿನ ಆಫೀಸಿನಲ್ಲಿ ನೀವು ಅರ್ಜಿಗಳಿಗೆ ಪಿನ್ ಹೊಡೆಯುತ್ತಿದ್ದಿರಿ. "ನೋಡೋಣ ಅತ್ತಿಗೆ" ಎಂದಿರಿ. ತಿಂಗಳೊಳಗೆ ಊರೇ ಬಿಟ್ಟಿರಿ. ವ್ಯಾಪಾರದ ಭಿನ್ನಾಭಿಪ್ರಾಯ ಎಂದು ಇವರು ಹೇಳಿದರು, ನಾನು ನಂಬಿದೆ.

ನಾನು ಕಲಿಯಲಾರೆ ಎಂದು ಇವರಿಗೆ ಅನಿಸಿತ್ತೇ? ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೇ? ಗೊತ್ತಿರುವವರು ನೀವೊಬ್ಬರೇ. ಹಾಗಿದ್ದರೆ ಹಾಗೆಂದೇ ಬರೆಯಿರಿ.

ಇತಿ,
ಅತ್ತಿಗೆ


ಮೇ 30

ಪಾರ್ಟ್‌ನರ್ ಅವರಿಗೆ,

ಆರು ವಾರವಾಯಿತು. ಅಂಚೆಯವರು ಪ್ರೆಸ್ಸಿನ ಮುಂದೆ ಸೈಕಲ್ ನಿಲ್ಲಿಸಿದರೆ ತಲೆಯೆತ್ತಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಪುಸ್ತಕದ ಮಿಕ್ಕ ಪುಟಗಳೆಲ್ಲ ಮುಗಿದವು.

ನಾನು ಹಟ ಹಿಡಿದಿದ್ದೇನೆ ಎಂದು ನಿಮಗನಿಸಬಹುದು. ಹಿಡಿದಿದ್ದೇನೆ. ಯಾಕೆಂದು ಹೇಳಿಬಿಡುತ್ತೇನೆ, ಮಗಳಿಗೂ ಹೇಳಿಲ್ಲ.

ಫೆಬ್ರವರಿಯಲ್ಲಿ ಇವರಿಗೆ ಎದೆನೋವು ಬಂದದ್ದು ಪಾಠ ಹೇಳುವಾಗ, ಪಕ್ಕದ ಸೀಟಿನಲ್ಲಿ. ಸ್ಟಿಯರಿಂಗ್ ಹಿಡಿದಿದ್ದವಳು ದರ್ಜಿ ಕೆಲಸದ ಹೆಂಗಸು. ಅವಳಿಗೆ ಅದು ಮೂರನೆಯ ಪಾಠ. ಮುಖ್ಯರಸ್ತೆಗೆ ಇನ್ನೂ ಬಂದವಳೇ ಅಲ್ಲ. ಆದರೂ ಎಲ್ಲಾ ಸಿಗ್ನಲ್ ದಾಟಿಸಿಕೊಂಡು ಇವರನ್ನು ಆಸ್ಪತ್ರೆಗೆ ಮುಟ್ಟಿಸಿದಳು. ಇವರು ದಾರಿಯುದ್ದಕ್ಕೂ "ಗೇರು... ಹಾಂ... ಈಗ ಎಡಕ್ಕೆ" ಎನ್ನುತ್ತಲೇ ಇದ್ದರಂತೆ. ಒಳಗೆ ಮಲಗಿಸಿದ ಮೇಲೆ ನಾನು ಬಂದೆನೇ ಎಂದು ಕೇಳಿದರಂತೆ.

ನನಗೆ ಫೋನ್ ಬಂದಾಗ ಪ್ರೆಸ್ಸಿನ ಅಂಗಳದಲ್ಲಿ ಸ್ಕೂಲಿನ ಎರಡನೇ ಕಾರು ನಿಂತಿತ್ತು. ಕರಪತ್ರದ ಕಟ್ಟು ಒಯ್ಯಲೆಂದು ಇವರೇ ಬೆಳಿಗ್ಗೆ ಬಿಟ್ಟುಹೋಗಿದ್ದರು. ಕೀಲಿ ನನ್ನ ಮೇಜಿನ ಮೇಲಿತ್ತು. ಮಾಲೀಕರು ಊರಲ್ಲಿರಲಿಲ್ಲ, ಬೈಂಡಿಂಗಿನವರಿಗೆ ಕಾರು ಬರುವುದಿಲ್ಲ, ಆಟೋ ಸಿಗಲಿಲ್ಲ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಿದೆ. ಅರ್ಧ ದಾರಿಯಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿ ಹತ್ತಿಸಿಕೊಂಡರು. ನಾನು ಹೋಗುವುದಕ್ಕೂ ಇಪ್ಪತ್ತು ನಿಮಿಷ ಮೊದಲು ಎಲ್ಲ ಮುಗಿದಿತ್ತು.

ಮೂರು ದಿನ ಕಲಿತವಳು ಮುಟ್ಟಿಸಿದಳು. ಇಪ್ಪತ್ತೇಳು ವರ್ಷ ಪಕ್ಕದಲ್ಲಿ ಕೂತವಳು ಮುಟ್ಟಲಿಲ್ಲ. ಈಗ ಹೇಳಿ, ನಾನು ಕೇಳುವುದು ತಪ್ಪೇ?

ಇತಿ,
ಅತ್ತಿಗೆ


ಜೂನ್ 21

ಅತ್ತಿಗೆ,

ಈ ಕಾಗದ ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಹೇಗಿದೆಯೋ ಹಾಗೇ ಕಳಿಸುತ್ತೇನೆ.

ನೀವು ಕೇಳಿದ ಮರುವಾರ ನಾನು ಅವನಿಗೆ ಹೇಳಿದೆ. ಲೈಸೆನ್ಸ್ ಆಫೀಸಿನಿಂದ ಬರುತ್ತಿದ್ದೆವು, ನಾನು ಓಡಿಸುತ್ತಿದ್ದೆ. "ನಾಳೆಯಿಂದ ಅತ್ತಿಗೆಗೆ ನಾನು ಹೇಳ್ಕೊಡ್ತೀನಿ" ಅಂದೆ. "ಬೇಡ" ಅಂದ. ಯಾಕೆ ಎಂದು ಕೇಳಿದೆ, ಬಿಡದೆ ಕೇಳಿದೆ. ಕೊನೆಗೆ ಹೇಳಿದ. ಅವನ ಮಾತನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ.

"ರಸ್ತೆ ಕಂಡ್ರೆ ನನಗೆ ತಡೆಯಕ್ಕಾಗಲ್ಲ ಕಣೋ. ಮುಂದೆ ಏನಿದೆ, ಅದರ ಮುಂದೆ ಏನಿದೆ ಅಂತ ಹೋಗ್ತಾನೇ ಇರ್ತೀನಿ. ಐದೂವರೆಗೆ ಅವಳು ಗೇಟಿನ ಹತ್ರ ನಿಂತಿರ್ತಾಳೆ, ಅದೊಂದೇ ನನ್ನನ್ನ ತಿರುಗಿಸೋದು. ಅವಳೇ ಓಡಿಸ್ಕೊಂಡ್ ಮನೆಗೆ ಹೋಗಂಗಾದ್ರೆ ನಾನು ಯಾವತ್ತೋ ಒಂದಿನ ತಿರುಗೋದೇ ಇಲ್ಲ."

ನೀವು ಕಲಿಯಲಾರಿರಿ ಎಂದು ಅವನು ಯಾವತ್ತೂ ಅಂದವನಲ್ಲ. "ಅವಳು ಎರಡೇ ದಿನಕ್ಕೆ ಕಲೀತಾಳೆ, ಅದೇ ಕಷ್ಟ" ಅಂದ.

ನನಗೆ ಸಿಟ್ಟು ಬಂತು. "ನಿನ್ನ ಕಾಲಿಗೆ ಹಗ್ಗ ಬೇಕು ಅಂತ ಅವರ ಕಾಲು ಕಟ್ಟಿದ್ದೀಯಲ್ಲೋ. ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ಇದೇ" ಅಂದೆ. ಇನ್ನೂ ಏನೇನೋ ಅಂದೆ. ಅವನು ಹಿಂದಿನ ಸೀಟಿನ ಫೈಲು ತೆಗೆಯಲು ಬೆಲ್ಟ್ ಬಿಚ್ಚಿದ್ದ. ತಿರುಗಿ ನನ್ನ ಕಡೆ ನೋಡಿ "ಸಾಕು" ಅಂದ.

ಮಾತು ಸಾಕು ಎಂದು ಅಂದದ್ದು. ನನ್ನ ಕಾಲಿಗೆ ಅದು ಗೊತ್ತಾಗಬೇಕಲ್ಲ. ಹದಿನೆಂಟು ವರ್ಷದ ಅಭ್ಯಾಸ, ನಡುರಸ್ತೆಯಲ್ಲಿ ಪೂರ್ತಿ ಒತ್ತಿಬಿಟ್ಟಿತು. ಅವನ ಹಣೆ ಮುಂದಿನ ಗಾಜಿಗೆ ಹೊಡೆಯಿತು. ರಕ್ತ ಒರೆಸಿಕೊಂಡು ನನ್ನನ್ನು ನೋಡಿದ. "ಬೇಕು ಅಂತಾನೇ ಹಾಕಿದೆ ಅಲ್ವಾ" ಅಂದ.

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಆ ಕ್ಷಣಕ್ಕೆ ಏಟು ಬಿದ್ದದ್ದು ಸರಿಯಾಯಿತು ಎಂದೇ ನನಗೂ ಅನಿಸಿತ್ತು. ಅವನು ಬಾಗಿಲು ತೆಗೆದು ಇಳಿದು ನಡೆದುಹೋದ. ನಾಲ್ಕು ಹೊಲಿಗೆ ಬಿತ್ತೆಂದು ಆಮೇಲೆ ಕೇಳಿದೆ. ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ನಾನು ಕಾದೆ. ಅವನೂ ಹಾಗೇ ಕಾದಿರಬೇಕು.

ಇದನ್ನು ಹೇಳಿದರೆ ನಿಮಗೆ ಅವನು ಸಣ್ಣವನಾಗಿ ಕಾಣುತ್ತಾನೆ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಆ ಕೀಲಿಯ ವಿಷಯ ಓದಿದ ಮೇಲೆ ಮುಚ್ಚಿಕೊಳ್ಳಲು ಆಗಲಿಲ್ಲ. ಅವನು ಬೇಡ ಅಂದರೂ ನಾನು ಕಲಿಸಬೇಕಿತ್ತು.

ಪಾರ್ಟ್‌ನರ್


ಜೂನ್ 27

ಪಾರ್ಟ್‌ನರ್ ಅವರಿಗೆ,

ಈ ಸಲ ತಿದ್ದಲಿಲ್ಲ.

ಹಣೆಗೆ ಸ್ಕೂಲಿನ ಶಟರ್ ತಾಗಿತು ಎಂದು ಇವರು ನನಗೆ ಹೇಳಿದ್ದರು. ಹದಿನೈದು ದಿನ ಆ ಹೊಲಿಗೆಗೆ ಮುಲಾಮು ಹಚ್ಚಿದವಳು ನಾನು. ಶಟರ್ ಕೂರಿಸಿದವರ ಅಂಗಡಿಗೆ ಹೋಗಿ ಬಾಯಿಗೆ ಬಂದಂತೆ ಬೈದೂ ಬಂದಿದ್ದೆ, ಪಾಪ.

ನನ್ನನ್ನು ಪೆದ್ದಿ ಎಂದುಕೊಂಡಿದ್ದರು ಎಂದು ನೀವು ಬರೆದಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆ. ಈಗ ಏನು ಮಾಡಲಿ? ಇಪ್ಪತ್ತೇಳು ವರ್ಷ ಅವರು ಬರಲಿ ಎಂದು ನಾನು ಕಾಯುತ್ತಿದ್ದೆ ಎಂದುಕೊಂಡಿದ್ದೆ. ಅವರಿಗೆ ನಾನು ಕಾಯುತ್ತಿರುವುದೇ ಬೇಕಿತ್ತು. ಪ್ರೀತಿ ಸುಳ್ಳಲ್ಲ, ಅದು ನನಗೆ ಗೊತ್ತು. ಅದಕ್ಕೇ ಕೋಪವನ್ನು ಎಲ್ಲಿ ಇಳಿಸಬೇಕೋ ತಿಳಿಯುತ್ತಿಲ್ಲ. ಅವರ ಅಂಗಿಗಳನ್ನೆಲ್ಲ ಕಪಾಟಿನಿಂದ ತೆಗೆದು ಮಂಚದ ಮೇಲೆ ಹಾಕಿದೆ. ಸಂಜೆ ಒಂದೊಂದೇ ಮಡಿಸಿ ಮತ್ತೆ ಒಳಗಿಟ್ಟೆ.

ಸಭೆ ಸೆಪ್ಟೆಂಬರ್ 14, ಬೆಳಿಗ್ಗೆ ಹತ್ತಕ್ಕೆ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಒಂದು ಕುರ್ಚಿ ಇಡಿಸುತ್ತೇನೆ. ಬರುವುದು ಬಿಡುವುದು ನಿಮಗೆ ಸೇರಿದ್ದು.

ಇತಿ,
ಅತ್ತಿಗೆ


ಸೆಪ್ಟೆಂಬರ್ 16

ಅತ್ತಿಗೆ,

ಬಂದಿದ್ದೆ. ಹೊಸ ಅಂಗಿ ಹೊಲಿಸಿಕೊಂಡು, ಏಳು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದೆ. ಸಭಾಂಗಣದ ಎದುರಿನ ಔಷಧಿ ಅಂಗಡಿಯ ಹತ್ತಿರ ನಿಂತಿದ್ದೆ. ಬಾಗಿಲಲ್ಲಿ ಅವನ ದೊಡ್ಡ ಫೋಟೋ ಇತ್ತು. ಹಣೆಯ ಮೇಲಿನ ಗೆರೆ ರಸ್ತೆಯ ಈಚೆಗೂ ಕಾಣುತ್ತಿತ್ತು. ಒಳಗೆ ನಿಮ್ಮ ಪಕ್ಕದ ಖಾಲಿ ಕುರ್ಚಿಯೂ ಕಂಡಿತು. ಅಲ್ಲಿ ಕೂತರೆ ಜನ ನನ್ನನ್ನು ಅವನ ಗೆಳೆಯ ಎಂದುಕೊಳ್ಳುತ್ತಾರಲ್ಲ ಎನಿಸಿ ಕಾಲು ಮುಂದೆ ಹೋಗಲಿಲ್ಲ. ಔಷಧಿ ಅಂಗಡಿಯವರು "ಏನು ಬೇಕಿತ್ತು?" ಎಂದು ಮೂರು ಸಲ ಕೇಳಿದರು. ಬೇಡದಿದ್ದರೂ ಒಂದು ನೋವಿನ ಮುಲಾಮು ಕೊಂಡು ಬಸ್ ಹತ್ತಿದೆ.

ಪುಸ್ತಕ ತಲುಪಿತು. ಮೂವತ್ತೆರಡನೇ ಪುಟ ನೋಡಿದೆ. ತುಂಬಾ ಹೊತ್ತು ನೋಡಿದೆ.

ನೀವು ಹೂಂ ಅಂದರೆ ಈಗಲಾದರೂ ಬಂದು ಕಲಿಸುತ್ತೇನೆ. ಮೊಣಕಾಲು ಹೇಗೋ ನಡೆಯುತ್ತದೆ.

ಪಾರ್ಟ್‌ನರ್


ಅಕ್ಟೋಬರ್ 5

ಪಾರ್ಟ್‌ನರ್ ಅವರಿಗೆ,

ನೀವು ಬಂದು ಹಿಂತಿರುಗಿದ್ದು ಓದಿ ಬೇಜಾರಾಯಿತು. ಆ ಕುರ್ಚಿಯ ಮೇಲೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಕೊನೆಗೆ ನನ್ನ ಕೈಚೀಲವೇ ಅಲ್ಲಿ ಕೂತು ಸಭೆ ಕೇಳಿತು.

ಮೂವತ್ತೆರಡನೇ ಪುಟದ ಬಗ್ಗೆ ನೀವು ಏನೂ ಹೇಳಿಲ್ಲ, ಒಳ್ಳೆಯದೇ ಆಯಿತು. ಎರಡೇ ಸಾಲು ಬರೆದಿದ್ದೆ. "ಇವರು ನನಗೆ ಕಾರು ಕಲಿಸಲಿಲ್ಲ. ಕಲಿಸಿದ್ದರೆ ನಾನು ಕಲಿಯುತ್ತಿದ್ದೆ." ಬೇಕರಿಯವರು ಪ್ರೂಫ್ ಹಿಡಿದುಕೊಂಡು ಓಡಿ ಬಂದಿದ್ದರು. "ಅಮ್ಮಾ, ಇದನ್ನ ಹಾಕೋದಾ?" ಎಂದರು. "ಹಾಕಿ, ಕಾಗುಣಿತ ಸರಿಯಾಗಿದೆ" ಎಂದೆ.

ಸಭೆಯಲ್ಲಿ ನಾನೂರು ಜನ ಇದ್ದರು. ಒಬ್ಬೊಬ್ಬರೂ ಎದ್ದು ಮಾತಾಡಿದರು, ಗಡಿಯಾರದವರು ಅತ್ತುಬಿಟ್ಟರು. ಮೇಷ್ಟ್ರ ಹತ್ತಿರ ಕಲಿತವರು ಕೈ ಎತ್ತಿ ಎಂದು ಯಾರೋ ಹೇಳಿದರು. ನನ್ನ ಮಗಳೂ ಸೇರಿ ಇಡೀ ಸಭೆಯೇ ಕೈ ಎತ್ತಿತು. ನಾನು ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ಮುಗಿದ ಮೇಲೆ ಹೊರಗೆ ಬಂದರೆ "ನಾನು ಬಿಡ್ತೀನಿ ಅಮ್ಮಾ", "ನಾನು ಬಿಡ್ತೀನಿ" ಎಂದು ಸಾಲು ಸಾಲು ಕಾರು. ಎಲ್ಲರೂ ನನಗಾಗಿ ಪಕ್ಕದ ಸೀಟಿನ ಬಾಗಿಲು ತೆರೆದು ನಿಂತರು. ಎಲ್ಲರೂ ಒಳ್ಳೆಯವರು. ಮಗಳನ್ನು ಅವಳ ಗೆಳತಿಯರ ಜೊತೆ ಕಳಿಸಿ ನಾನು ನಡೆದೇ ಹೋದೆ.

ನೀವು ಬರುವುದು ಬೇಡ. ಕಲಿಸಲು ಜನ ಸಿಕ್ಕಿದ್ದಾರೆ. ದರ್ಜಿ ಹೆಂಗಸಿಗೆ ಈಗ ಲೈಸೆನ್ಸ್ ಬಂದಿದೆ, ಅವಳನ್ನೇ ಕೇಳಿದೆ. "ನಾನಾ? ಮೇಷ್ಟ್ರ ಹೆಂಡ್ತಿಗಾ?" ಎಂದು ಬಾಯಿಗೆ ಸೆರಗು ಮುಚ್ಚಿಕೊಂಡಳು. ಆದರೂ ಭಾನುವಾರ ಬೆಳಿಗ್ಗೆ ಬಂದಳು.

ಮೊದಲ ವಾರ ಸುಮ್ಮನೆ ಕೂತು ಎದ್ದೆ. ಎಂಜಿನ್ ಶುರು ಮಾಡಲು ಮನಸ್ಸು ಬರಲಿಲ್ಲ. ಅವಳು ಹೆದರಿಕೆ ಎಂದುಕೊಂಡಳು. ನನಗೆ ಕೈ ಬರದಿದ್ದದ್ದು ಬೇರೆ ಕಾರಣಕ್ಕೆ, ಅದನ್ನು ನಿಮಗೆ ಮಾತ್ರ ಹೇಳುತ್ತೇನೆ. ಕಾರು ಬರದ ನಾನು ಈಗಲೂ ಅವರು ಬಂದು ಕರೆದೊಯ್ಯಬೇಕಾದವಳು. ಕಲಿತುಬಿಟ್ಟರೆ ಅವರಿಗೆ ತಿರುಗಿ ಬರಲು ಕೆಲಸವೇ ಇರುವುದಿಲ್ಲ. ಆವತ್ತು ಕಾರಿನಲ್ಲಿ ನಿಮ್ಮ ಹತ್ತಿರ ಹೇಳಿದಾಗ ಅವರಿಗೆ ಆಗಿದ್ದದ್ದೂ ಇದೇ ಹೆದರಿಕೆಯಲ್ಲವೇ? ಬೈಯೋಣವೆಂದು ಕೂತವಳಿಗೆ ಬೈಗುಳವೇ ಬರಲಿಲ್ಲ.

ಹೋದ ಭಾನುವಾರ ಓಡಿಸಿದೆ. ಊರಾಚೆಯ ಖಾಲಿ ಮೈದಾನ, ಬಿಸಿಲು ಇನ್ನೂ ಏರಿರಲಿಲ್ಲ. ಎರಡು ಸಲ ನಿಂತುಹೋಯಿತು. ಮೂರನೇ ಸಲ ಹೊರಟಿತು. "ಈಗ ಎರಡನೇ ಗೇರ್ ಅಮ್ಮಾ" ಎಂದಳು, ಹಾಕಿದೆ. ಕಾರು ಎಳೆದಾಡುವುದು ಬಿಟ್ಟು ಹಗುರಾಗಿ ಮುಂದೆ ಹೋಯಿತು. ಎಷ್ಟು ಸುಲಭ, ಪಾರ್ಟ್‌ನರ್. ಎರಡೇ ದಿನದ ಕೆಲಸ.

ಆಸ್ಪತ್ರೆಯಲ್ಲಿ ಅವರ ಮುಖ ನೋಡಿದಾಗ ನಾನು ಅಳಲಿಲ್ಲ. ಮಣ್ಣು ಮಾಡಿದಾಗಲೂ ಅಳಲಿಲ್ಲ, ಜನ ಗುಸುಗುಸು ಮಾತಾಡಿಕೊಂಡರು. ಇನ್ನು ಅವರು ಬರುವುದಿಲ್ಲ ಎಂದು ನನಗೆ ತಿಳಿದದ್ದು ಆ ಎರಡನೇ ಗೇರಿನಲ್ಲಿ. ಕಣ್ಣು ಮಂಜಾಗಿ ಮೈದಾನವೇ ಕಾಣಲಿಲ್ಲ. ಅವಳು ಗಾಬರಿಯಾಗಿ "ನಿಲ್ಲಿಸೋಣ್ವಾ ಅಮ್ಮಾ?" ಎಂದಳು.

ಬೇಡ ಎಂದೆ. ಅಳುತ್ತಲೇ ಮೂರು ಸುತ್ತು ಓಡಿಸಿದೆ.

ಇತಿ,
ಅತ್ತಿಗೆ